ಮಿಸ್‌ಲೋಡ್ ಅಂತ ಆಫೀಸಿಗೆ ಕರೆದ್ರೆ ಒಬ್ರೇ ಹೋಗ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಹಿರಿಯರೊಬ್ರು ಬರೆದಿದ್ರು, ಮಗ ಅಮೆರಿಕಾದಲ್ಲಿ ಪಾರ್ಸೆಲ್ ಕಂಪನಿಯಲ್ಲಿ ಲೋಡಿಂಗ್ ಕೆಲಸ ಮಾಡ್ತಾನೆ, ಯೂನಿಯನ್ ಮೆಂಬರ್ ಬೇರೆ, ಆದ್ರೂ ಬಾಕ್ಸು ತಪ್ಪು ಟ್ರಕ್ಕಿಗೆ ಹೋಯ್ತು ಅಂತ ವಾರ್ನಿಂಗ್ ಲೆಟರ್ ಕೊಟ್ಟಿದ್ದಾರೆ, ಹಾಗಾದ್ರೆ ತಿಂಗಳು ತಿಂಗಳು ಚಂದಾ ಕಟ್ಟಿ ಏನು ಬಂತು, ಯೂನಿಯನ್ ಇದ್ದೂ ಇಲ್ದಂಗೆ ಅಲ್ವಾ ಅಂತ. ನಾನೂ ಇಲ್ಲಿ ಅದೇ ಥರದ, ಪಾರ್ಸೆಲ್ ವಿಂಗಡಿಸಿ ಗಾಡಿಗೆ ತುಂಬೋ ಒಂದು ಹಬ್‌ನಲ್ಲಿ ಬೆಳಗಿನ ಜಾವದ ಶಿಫ್ಟಲ್ಲಿ ಲೋಡರ್, ಜೊತೆಗೆ ನಮ್ಮ ಬೆಲ್ಟಿನವರು, ಅಂದ್ರೆ ಒಂದೇ ಕನ್ವೇಯರ್ ಬೆಲ್ಟಲ್ಲಿ ಕೆಲಸ ಮಾಡೋರು, ನನ್ನನ್ನ ಸ್ಟೀವರ್ಡ್ ಮಾಡಿದ್ದಾರೆ, ಅಂದ್ರೆ ಯಾರನ್ನಾದ್ರೂ ಮ್ಯಾನೇಜರ್ ರೂಮಿಗೆ ಕರೆದ್ರೆ ಯೂನಿಯನ್ ಪರವಾಗಿ ಪಕ್ಕದಲ್ಲಿ ಕೂರೋನು ನಾನು. ಹಾಗಾಗಿ ಆ ಹಿರಿಯರಿಗೆ, ಅವರ ಮಗನಂಥವರಿಗೂ ನಾಲ್ಕು ಮಾತು ಹೇಳೋಣ ಅನ್ನಿಸ್ತು. ಸ್ವಲ್ಪ ಉದ್ದ ಆಗುತ್ತೆ, ಎಲ್ಲಿ ಬೇಕೋ ಅಲ್ಲಿ ಕತ್ತರಿಸ್ಕೊಳ್ಳಿ.

ಮೊದಲು ಮಿಸ್‌ಲೋಡ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಹೊರಗಿನವರಿಗೆ ಇದು ಬರೀ ಅಜಾಗರೂಕತೆ ಥರ ಕಾಣುತ್ತೆ. ಒಬ್ಬ ಲೋಡರ್ ಕೈಕೆಳಗೆ ಮೂರೋ ನಾಲ್ಕೋ ಡೆಲಿವರಿ ಗಾಡಿ ಇರುತ್ತೆ, ಮುಂದೆ ಬೆಲ್ಟ್ ಓಡ್ತಾ ಇರುತ್ತೆ, ಬಾಕ್ಸ್ ಮೇಲೆ ಸ್ಟಿಕ್ಕರ್ ಅಂಟಿಸಿರ್ತಾರೆ, ಅದರಲ್ಲಿ ಗಾಡಿ ನಂಬರ್, ಒಳಗಡೆ ಯಾವ ಶೆಲ್ಫ್ ಅನ್ನೋದರ ನಂಬರ್. ಓದ್ಬೇಕು, ಎತ್ಬೇಕು, ಗಾಡಿಯೊಳಗೆ ಹೋಗಿ ಸರಿಯಾದ ಶೆಲ್ಫಲ್ಲಿ ಇಟ್ಟು ವಾಪಸ್ ಬರ್ಬೇಕು, ಅಷ್ಟರಲ್ಲಿ ಬೆಲ್ಟ್ ಮೇಲೆ ಇನ್ನಷ್ಟು ಬಂದು ನಿಂತಿರುತ್ತೆ. ಪಕ್ಕಪಕ್ಕದ ಎರಡು ಗಾಡಿಗೆ ಕೊನೆ ಅಂಕಿ ಒಂದೇ ವ್ಯತ್ಯಾಸ. ಹೀಗಿರುವಾಗ ಒಂದು ಬಾಕ್ಸ್ ಪಕ್ಕದ ಗಾಡಿಗೆ ಹೋದ್ರೆ ಅದೇ ಮಿಸ್‌ಲೋಡ್. ಅದು ಗೊತ್ತಾಗೋದು ಡ್ರೈವರ್ ರೋಡಿಗಿಳಿದ ಮೇಲೆ, ಇದು ನನ್ನ ಏರಿಯಾದ್ದೇ ಅಲ್ಲ ಅಂತ ಅವನು ಫೋನ್ ಮಾಡಿದಾಗ. ಆಗ ಒಂದೋ ಅವನು ದಾರಿ ತಪ್ಪಿಸಿ ಹೋಗಿ ಕೊಟ್ಟು ಬರ್ಬೇಕು, ಇಲ್ಲಾ ವಾಪಸ್ ತಂದು ನಾಳೆ ಕಳಿಸ್ಬೇಕು. ಅದರೊಳಗೆ ಯಾರದ್ದೋ ಔಷಧಿ ಇರಬಹುದು. ಹಾಗಾಗಿ ಇದು ದೊಡ್ಡ ವಿಷಯವೇ ಅಲ್ಲ ಅಂತ ನಾನು ಹೇಳಲ್ಲ, ಕಂಪನಿ ತಲೆಕೆಡಿಸ್ಕೊಳ್ಳೋದು ನ್ಯಾಯವೇ.

ಆದ್ರೆ ಬೆಲ್ಟಿನ ಸ್ಪೀಡ್ ಯಾರ ಕೈಲಿದೆ? ಒಬ್ಬನಿಗೆ ನಾಲ್ಕರ ಬದಲು ಐದು ಗಾಡಿ ಕೊಡೋ ತೀರ್ಮಾನ ಯಾರದ್ದು? ಸ್ಟಿಕ್ಕರ್ ಅಂಟಿಸೋ ಜಾಗದಲ್ಲೂ ಮನುಷ್ಯರೇ ಇದ್ದಾರೆ, ಅಲ್ಲೂ ರಶ್ ಇರುತ್ತೆ, ಎರಡು ಬಾಕ್ಸಿನ ಸ್ಟಿಕ್ಕರ್ ಅದಲು ಬದಲಾದ್ರೆ ಲೋಡರ್ ಓದಿದ್ದನ್ನ ಸರಿಯಾಗೇ ಓದಿರ್ತಾನೆ, ಹಾಕಿದ್ದೂ ಸರಿಯಾಗೇ ಹಾಕಿರ್ತಾನೆ, ಆದ್ರೂ ರಿಪೋರ್ಟಲ್ಲಿ ಅವನ ಹೆಸರೇ ಬರುತ್ತೆ. ಸಹಾಯಕ್ಕೆ ಅಂತ ಬಂದ ಇನ್ನೊಬ್ಬ, ಕೆಲವೊಮ್ಮೆ ಸೂಪರ್‌ವೈಸರೇ, ಗಾಡಿಯೊಳಗೆ ನಾಲ್ಕು ಬಾಕ್ಸ್ ಎಸೆದು ಹೋಗಿರ್ತಾರೆ. ಥ್ಯಾಂಕ್ಸ್‌ಗಿವಿಂಗ್ ಆದ ಮೇಲೆ ಕ್ರಿಸ್‌ಮಸ್ ತನಕ ನಮ್ಮಲ್ಲಿ ಪೀಕ್ ಸೀಸನ್, ಆಗಂತೂ ಗಾಡಿ ಹಿಂದೆ ಬಾಕ್ಸು ರಾಶಿ ಬಿದ್ದು ಕಾಲಿಡೋಕೆ ಜಾಗ ಇರಲ್ಲ. ಕೆಲಸ ಮಾಡಿಸೋ ರೀತಿಯಿಂದಲೇ ಹುಟ್ಟೋ ತಪ್ಪನ್ನ ಒಬ್ಬನ ಹೆಸರಿಗೆ ಬರೆದುಬಿಡೋದು ಬಹಳ ಸುಲಭ, ಮಿಸ್‌ಲೋಡ್ ವಿಷಯದಲ್ಲಿ ಅರ್ಧಕ್ಕರ್ಧ ಜಗಳ ಇರೋದೇ ಇಲ್ಲಿ.

ಇನ್ನು ಯೂನಿಯನ್ ಏನು ಮಾಡುತ್ತೆ ಅನ್ನೋ ಪ್ರಶ್ನೆ. ಅಮೆರಿಕಾದಲ್ಲಿ ಮೊಂಟಾನಾ ಒಂದು ರಾಜ್ಯ ಬಿಟ್ರೆ ಬಾಕಿ ಎಲ್ಲಾ ಕಡೆ ಸಾಮಾನ್ಯ ನಿಯಮ ಏನಂದ್ರೆ ಖಾಸಗಿ ಕಂಪನಿ ನಿಮ್ಮನ್ನ ಯಾವ ಕಾರಣಕ್ಕಾದ್ರೂ, ಕಾರಣ ಹೇಳದೆಯೂ ಮನೆಗೆ ಕಳಿಸಬಹುದು, ಜನಾಂಗ, ಧರ್ಮ, ಲಿಂಗ ನೋಡಿ ತೆಗೆಯೋದು, ಸೇಡಿಗೆ ತೆಗೆಯೋದು ಇಂಥ ಕಾನೂನು ನಿಷೇಧಿಸಿರೋ ಕಾರಣ ಆಗಿರಬಾರದು ಅಷ್ಟೇ. ನಮ್ಮೂರಿನವರಿಗೆ ಇದನ್ನ ಹೇಳಿದ್ರೆ ನಂಬಲ್ಲ, ಅಮೆರಿಕಾ ಅಂದ್ರೆ ಎಲ್ಲದಕ್ಕೂ ರೂಲ್ಸ್ ಅಂದ್ಕೊಂಡಿರ್ತಾರೆ. ಯೂನಿಯನ್ ಇರೋ ಕಡೆ ಕಂಪನಿ ಜೊತೆ ಲಿಖಿತ ಕಾಂಟ್ರಾಕ್ಟ್ ಇರುತ್ತೆ, ಅದರಲ್ಲಿ ಸಾಮಾನ್ಯವಾಗಿ 'ಜಸ್ಟ್ ಕಾಸ್' ಅಂತ ಒಂದು ಮಾತಿರುತ್ತೆ, ನ್ಯಾಯವಾದ ಕಾರಣ ಇಲ್ಲದೆ ಶಿಕ್ಷೆ ಇಲ್ಲ ಅಂತ. ಯಾವುದು ನ್ಯಾಯವಾದ ಕಾರಣ ಅಂತ ಅಳೆಯೋಕೆ 1966ರಲ್ಲಿ ಕ್ಯಾರಲ್ ಡಾಹರ್ಟಿ ಅನ್ನೋ ಆರ್ಬಿಟ್ರೇಟರ್, ಅಂದ್ರೆ ಕಂಪನಿ, ಯೂನಿಯನ್ ಜಗಳ ತೀರ್ಮಾನ ಮಾಡೋ ಮಧ್ಯಸ್ಥರು, ಒಂದು ಕೇಸಲ್ಲಿ ಏಳು ಪ್ರಶ್ನೆ ಹಾಕಿದ್ರು, ಇವತ್ತಿಗೂ ಸ್ಟೀವರ್ಡ್ ಟ್ರೇನಿಂಗಲ್ಲಿ ಅದನ್ನೇ ಹೇಳಿಕೊಡ್ತಾರೆ. ಏಳನ್ನೂ ಇಲ್ಲಿ ಬರೆಯಲ್ಲ, ಮಿಸ್‌ಲೋಡಿಗೆ ಹೆಚ್ಚು ಬೇಕಾಗೋದು ಮೂರು. ಶಿಕ್ಷೆ ಕೊಡೋಕೆ ಮುಂಚೆ ಸರಿಯಾಗಿ ವಿಚಾರಿಸಿದ್ರಾ? ಅದೇ ತಪ್ಪು ಮಾಡಿದ ಬೇರೆಯವರಿಗೂ ಇದೇ ಶಿಕ್ಷೆ ಕೊಟ್ಟಿದ್ದಾರಾ? ಆದ ತಪ್ಪಿಗೂ, ಅವನ ಹಿಂದಿನ ಸರ್ವಿಸಿಗೂ ಈ ಶಿಕ್ಷೆ ತಾಳೆ ಆಗುತ್ತಾ?

ಮೆಟ್ಟಿಲು ಮೆಟ್ಟಿಲಾಗಿ ಹೋಗೋ ಪದ್ಧತಿಯ ಹಿಂದೆ ಇರೋದೂ ಈ ಮೂರನೇ ಪ್ರಶ್ನೆಯ ಯೋಚನೆಯೇ. ಮೊದಲು ಬಾಯಿಮಾತಲ್ಲಿ ಎಚ್ಚರಿಕೆ, ಆಮೇಲೆ ವಾರ್ನಿಂಗ್ ಲೆಟರ್, ಆಮೇಲೆ ಸಸ್ಪೆನ್ಷನ್, ಕಟ್ಟಕಡೆಗೆ ಕೆಲಸದಿಂದ ತೆಗೆಯೋದು. ಹಾಗಾಗಿ ಆ ಹಿರಿಯರ ಮಗನಿಗೆ ಬಂದಿರೋ ಲೆಟರ್ ಕೆಲಸ ಹೋಗೋ ಲೆಟರ್ ಅಲ್ಲ, ಆದ್ರೆ ಸುಮ್ನೆ ಡ್ರಾಯರಿಗೆ ಹಾಕಿಡೋ ಕಾಗದಾನೂ ಅಲ್ಲ, ಮುಂದಿನ ಮೆಟ್ಟಿಲಿಗೆ ಕಂಪನಿ ಅದರ ಮೇಲೇ ಕಾಲಿಡೋದು.

ಈಗ ನಾನು ಎಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕು ಅಂದ್ಕೊಂಡಿರೋ ವಿಷಯ. ರೂಮಿಗೆ ಕರೆದಾಗ ಒಬ್ರೇ ಹೋಗ್ಬೇಡಿ. ನಮ್ಮ ಭಾರತದ ಹುಡುಗ್ರು ಇದರಲ್ಲಿ ತುಂಬಾ ಹಿಂದೆ. ಮ್ಯಾನೇಜರ್ ಬಾ ಅಂದ ತಕ್ಷಣ ಕೈಕಟ್ಟಿ ನಿಂತ್ಕೊಂಡು, ಕೇಳಿದ್ದಕ್ಕೆಲ್ಲಾ ಸಾರಿ ಸರ್, ಸಾರಿ ಸರ್ ಅಂದು ಬರ್ತಾರೆ, ಸಾರಿ ಅಂದ್ರೆ ಅಲ್ಲಿಗೆ ಮುಗೀತು ಅಂತ ನಮ್ಮ ಲೆಕ್ಕ. ಅಲ್ಲಿ ಸೂಪರ್‌ವೈಸರ್ ಒಬ್ಬ ಮೂಲೇಲಿ ಕೂತು ಬರ್ಕೋತಾ ಇರ್ತಾನೆ, 'ನೌಕರ ತಪ್ಪು ಒಪ್ಪಿಕೊಂಡಿದ್ದಾನೆ' ಅಂತ. ಸ್ಟಿಕ್ಕರ್ ತಪ್ಪಿತ್ತಾ, ಆ ಹೊತ್ತಲ್ಲಿ ಗಾಡಿಯಲ್ಲಿ ಬೇರೆ ಯಾರಿದ್ರು, ಏನೂ ನೋಡದೆ ಒಪ್ಪಿಕೊಂಡಾಗೋಯ್ತು. ಆಮೇಲೆ ನನ್ನ ಹತ್ರ ಬಂದು ಅಣ್ಣಾ ಏನಾದ್ರೂ ಮಾಡಿ ಅಂದ್ರೆ ನಾನು ಎಲ್ಲಿಂದ ಏನು ಮಾಡ್ಲಿ.

ಪಕ್ಕದಲ್ಲಿ ಯೂನಿಯನ್ನವರನ್ನ ಕೂರಿಸ್ಕೊಳ್ಳೋ ಹಕ್ಕು ಬಂದಿದ್ದು ಒಬ್ಬ ಹೆಂಗಸಿನ ದೆಸೆಯಿಂದ. ಲ್ಯೂರಾ ಕಾಲಿನ್ಸ್ ಅಂತ ಆಕೆ ಹೆಸರು, ಟೆಕ್ಸಸ್ಸಲ್ಲಿ ವೈನ್‌ಗಾರ್ಟನ್ ಅನ್ನೋ ಅಂಗಡಿಗಳ ಕಂಪನಿಯಲ್ಲಿ ಊಟದ ಕೌಂಟರ್‌ನಲ್ಲಿ ಕೆಲಸ. 1972ರಲ್ಲಿ ಆಕೆ ಮೇಲೆ ದೂರು ಬಂತು, 2.98 ಡಾಲರಿನ ಬಾಕ್ಸ್ ತುಂಬಾ ಚಿಕನ್ ತಗೊಂಡು ಬರೀ 1 ಡಾಲರ್ ಕೊಟ್ಟಿದ್ದಾಳೆ ಅಂತ. ರೂಮಿಗೆ ಕರ್ಕೊಂಡು ಹೋಗಿ ಪ್ರಶ್ನೆ ಮೇಲೆ ಪ್ರಶ್ನೆ, ಆಕೆ ಮತ್ತೆ ಮತ್ತೆ ಕೇಳಿದ್ಲು, ಸ್ಟೀವರ್ಡನ್ನಾದ್ರೂ ಕರೀರಿ, ಯೂನಿಯನ್ನಿನ ಯಾರನ್ನಾದ್ರೂ ಕರೀರಿ ಅಂತ, ಆಗಲ್ಲ ಅಂದ್ರು. ಆಕೆ ಹೇಳಿದ್ದು ಇಷ್ಟೇ, ನಾನು ಒಂದು ಡಾಲರಿನಷ್ಟೇ ಚಿಕನ್ ತಗೊಂಡಿದ್ದು, ಚಿಕ್ಕ ಬಾಕ್ಸ್ ಖಾಲಿ ಆಗಿತ್ತು, ಅದಕ್ಕೆ ದೊಡ್ಡದರಲ್ಲಿ ಹಾಕ್ಕೊಂಡೆ. ವಿಚಾರಿಸಿದ್ರೆ ನಿಜವೇ. ಸಾರಿ ಅಂದ್ರು. ಆಗ ಆಕೆಗೆ ಅಳು ಬಂತು, ಅಳುತ್ತಾ, ನಾನು ಈ ಅಂಗಡಿಯಿಂದ ದುಡ್ಡು ಕೊಡದೆ ತಗೊಂಡಿದ್ದು ಅಂದ್ರೆ ಮಧ್ಯಾಹ್ನದ ಊಟ ಒಂದೇ ಅಂದುಬಿಟ್ಲು. ತಗೊಳ್ಳಿ, ಮತ್ತೆ ಕೂರಿಸಿ ಊಟದ ಬಗ್ಗೆ ಶುರು, ಸುಮಾರು 160 ಡಾಲರ್ ಬಾಕಿ ಇದೆ ಅಂತ ಬರೆದು ಸೈನ್ ಮಾಡು ಅಂದ್ರು, ಆಕೆ ಮಾಡಲಿಲ್ಲ. ಆಮೇಲೆ ನೋಡಿದ್ರೆ ಆ ಅಂಗಡಿಯಲ್ಲಿ ಮ್ಯಾನೇಜರ್ ಸೇರಿ ಬಹಳಷ್ಟು ಜನ ಫ್ರೀ ಊಟ ಮಾಡ್ತಿದ್ರು, ಅದು ತಪ್ಪು ಅನ್ನೋ ರೂಲ್ ಇದೆಯಾ ಅಂತ ಹೆಡ್ಡಾಫೀಸಿಗೇ ಖಾತ್ರಿ ಇರಲಿಲ್ಲ. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 1975ರಲ್ಲಿ ಆಕೆ ಕಡೆ ತೀರ್ಪು ಬಂತು. ಇವತ್ತಿಗೂ ಇದಕ್ಕೆ 'ವೈನ್‌ಗಾರ್ಟನ್ ಹಕ್ಕು' ಅಂತಲೇ ಹೆಸರು, ಹಕ್ಕು ಕೊಡದವನ ಹೆಸರೇ ಹಕ್ಕಿಗೆ ಇಟ್ಟಿದ್ದಾರೆ, ಕೋರ್ಟು ಕೇಸುಗಳ ಹೆಸರು ಹಾಗೇ ಇರುತ್ತೆ ಬಿಡಿ.

ಆ ಅಳುವ ಹೊತ್ತಿನ ಒಂದು ಮಾತು ನೋಡಿ, ಯಾರೂ ಕೇಳದೆ ಬಾಯಿಂದ ಬಂದಿದ್ದು. ಸ್ಟೀವರ್ಡ್ ಬೇಕಾಗಿರೋದೇ ಅದಕ್ಕೆ. ನಾನು ಒಳಗೆ ಹೋಗಿ ದೊಡ್ಡ ವಾದ ಏನೂ ಮಾಡಲ್ಲ, ಮಾಡೋಕೆ ಬಿಡೋದೂ ಇಲ್ಲ, ವಿಚಾರಣೆಗೆ ಅಡ್ಡಿ ಮಾಡೋ ಹಾಗಿಲ್ಲ. ಆದ್ರೆ ಪ್ರಶ್ನೆ ಅರ್ಥ ಆಗದಿದ್ರೆ ಬಿಡಿಸಿ ಹೇಳಿ ಅಂತ ಕೇಳಬಹುದು, ಒಂದೇ ಪ್ರಶ್ನೆಯನ್ನ ತಿರುಗಿಸಿ ಮುರುಗಿಸಿ ಕೇಳ್ತಾ ಇದ್ರೆ ಇದಕ್ಕೆ ಉತ್ತರ ಆಗ್ಲೇ ಬಂತಲ್ಲ ಅನ್ನಬಹುದು, ಮುಖ್ಯವಾಗಿ ಯಾರು ಏನಂದ್ರು ಅಂತ ನಾನೂ ಬರ್ಕೋತೀನಿ. ಎದುರುಗಡೆ ಒಂದು ನೋಟ್‌ಬುಕ್ ಇದೆ ಅಂದ್ರೆ ದನಿ ತಾನಾಗೇ ತಗ್ಗುತ್ತೆ.

ಇದರಲ್ಲಿ ಎರಡು ಸಂಗತಿ ತಿಳ್ಕೊಂಡಿರಬೇಕು. ಒಂದು, ನೀವೇ ಕೇಳಬೇಕು. ಪೊಲೀಸರು ಅರೆಸ್ಟ್ ಮಾಡಿದಾಗ ಹಕ್ಕು ಓದಿ ಹೇಳ್ತಾರಲ್ಲ, ಹಾಗೆ ಮ್ಯಾನೇಜರ್ ಹೇಳೋ ಅಗತ್ಯ ಈ ಕಾನೂನಲ್ಲಿ ಇಲ್ಲ. 'ಈ ಮಾತುಕತೆಯಿಂದ ನನಗೆ ಶಿಕ್ಷೆ ಆಗೋ ಸಾಧ್ಯತೆ ಇದ್ರೆ ನನ್ನ ಸ್ಟೀವರ್ಡ್ ಬೇಕು' ಅನ್ನೋ ಒಂದು ಮಾತನ್ನ ಇಂಗ್ಲಿಷಲ್ಲಿ ಬಾಯಿಪಾಠ ಮಾಡ್ಕೊಳ್ಳಿ. ಕೇಳಿದ ಮೇಲೆ ಅವರಿಗೆ ಮೂರೇ ದಾರಿ, ಸ್ಟೀವರ್ಡನ್ನ ಕರೆಸೋದು, ಮಾತುಕತೆ ಅಲ್ಲಿಗೇ ನಿಲ್ಲಿಸೋದು, ಇಲ್ಲಾ ಸ್ಟೀವರ್ಡ್ ಇಲ್ಲದೆ ಮುಂದುವರೀತೀಯಾ ಅಥವಾ ಮಾತುಕತೆಯೇ ಬೇಡವಾ ನೀನೇ ಹೇಳು ಅನ್ನೋದು. ಮೂರನೇದಕ್ಕೆ ಬೇಡ ಅಂತಲೇ ಹೇಳಿ. ಎರಡನೇದು, ಶಿಕ್ಷೆ ಮೊದಲೇ ತೀರ್ಮಾನ ಆಗಿದ್ದು ಬರೀ ಲೆಟರ್ ಕೈಗೆ ಕೊಡೋಕೆ ಕರೆದಿದ್ರೆ ಆ ತೀರ್ಪು ಅನ್ವಯಿಸಲ್ಲ, ಆದ್ರೆ ಅಂಥ ಹೊತ್ತಲ್ಲೂ ಸ್ಟೀವರ್ಡ್ ಇರಬೇಕು ಅಂತ ಎಷ್ಟೋ ಕಾಂಟ್ರಾಕ್ಟುಗಳಲ್ಲಿ ಬರೆದಿರುತ್ತೆ, ನಿಮ್ಮದನ್ನ ತೆಗೆದು ಓದಿ. ಅಂದ ಹಾಗೆ ಯೂನಿಯನ್ ಇಲ್ಲದ ಕಡೆ ಕೆಲಸ ಮಾಡೋರಿಗೆ ಈ ಹಕ್ಕು ಇಲ್ಲ, 2000ದಲ್ಲಿ ಲೇಬರ್ ಬೋರ್ಡು, ಅಂದ್ರೆ ಈ ಕಾನೂನು ನೋಡ್ಕೊಳ್ಳೋ ಸರ್ಕಾರಿ ಮಂಡಳಿ, ಇದೆ ಅಂದಿತ್ತು, 2004ರಲ್ಲಿ ಅದೇ ಬೋರ್ಡು ಇಲ್ಲ ಅಂತು. ಚಂದಾ ಕಟ್ಟಿ ಏನು ಬಂತು ಅಂತ ಕೇಳಿದ್ರಲ್ಲ, ಇದೂ ಒಂದು ಬಂತು.

ನಮ್ಮ ಹಬ್‌ನಲ್ಲೇ ನಡೆದಿದ್ದು ಒಂದು ಹೇಳ್ತೀನಿ. ನಮ್ಮ ಬೆಲ್ಟಿನ ಒಬ್ರು ಹೆಂಗಸು, ಹಳಬರು, ಒಂದೇ ವಾರದಲ್ಲಿ ಎರಡು ಸಲ ಮಿಸ್‌ಲೋಡ್ ಅಂತ ಕರೆಸಿದ್ರು. ನಾನು ಮೊದಲು ಕೇಳಿದ್ದು ಯಾವ ದಿನ, ಯಾವ ಗಾಡಿ, ಯಾವ ಪಾರ್ಸೆಲ್, ಟ್ರ್ಯಾಕಿಂಗ್ ನಂಬರ್ ಕೊಡಿ ಅಂತ. ಮ್ಯಾನೇಜರ್ ಹತ್ರ ಇದ್ದಿದ್ದು ಬರೀ ಒಂದು ಪಟ್ಟಿ, ಹೆಸರು, ಪಕ್ಕದಲ್ಲಿ ಒಂದು ಅಂಕಿ, ಅಷ್ಟೇ. ಪಾರ್ಸೆಲ್ ಯಾವುದು ಅಂತ ಗೊತ್ತಿಲ್ಲದೆ ತಪ್ಪು ಯಾರದ್ದು ಅಂತ ಹೆಂಗೆ ಗೊತ್ತಾಯ್ತು ಸಾರ್ ಅಂದೆ. ವಿವರ ತರಿಸಿದ್ರು. ಒಂದರಲ್ಲಿ ಡ್ರೈವರ್ ಫೋಟೋ ತೆಗೆದಿಟ್ಟಿದ್ದ, ಬಾಕ್ಸಿನ ಒಂದು ಮಗ್ಗುಲಲ್ಲಿ ಒಂದು ಗಾಡಿ ನಂಬರಿನ ಸ್ಟಿಕ್ಕರ್, ಮೇಲ್ಗಡೆ ಇನ್ನೊಂದು ಗಾಡಿಯದ್ದು, ಆಕೆ ಮೇಲಿಂದು ನೋಡಿ ಹಾಕಿದ್ದಾರೆ, ಯಾರಾದ್ರೂ ಹಾಗೇ ಹಾಕ್ತಿದ್ರು. ಅದು ಬಿದ್ದೋಯ್ತು. ಇನ್ನೊಂದರಲ್ಲಿ ಸ್ಟಿಕ್ಕರ್ ಸರಿಯಾಗಿತ್ತು, ಬೇರೆ ಯಾರೂ ಗಾಡಿ ಹತ್ತಿರಲಿಲ್ಲ, ಆ ದಿನ ಕೆಲಸಾನೂ ಎಂದಿನಷ್ಟೇ ಇತ್ತು. ಅದಕ್ಕೆ ಬಾಯಿಮಾತಿನ ಎಚ್ಚರಿಕೆ ಹಾಗೇ ಉಳೀತು, ವಾರ್ನಿಂಗ್ ಲೆಟರ್ ಆಗೋದು ತಪ್ಪಿತು. ಆಕೆಗೆ ಪೂರ್ತಿ ಸಮಾಧಾನ ಆಗಲಿಲ್ಲ, ಎರಡೂ ಹೋಗಬೇಕಿತ್ತು ಅಂತ ಈಗಲೂ ನನ್ನ ಮೇಲೆ ಸ್ವಲ್ಪ ಮುನಿಸಿದೆ. ನನಗೆ ಕೇಳಿದ್ರೆ ಅದು ನ್ಯಾಯವಾಗೇ ಆಯ್ತು.

ಮಾಹಿತಿ ಕೇಳೋದು ಯೂನಿಯನ್ನಿನ ದೊಡ್ಡ ಆಯುಧ, ಜನ ಇದನ್ನ ಬಳಸೋದೇ ಕಮ್ಮಿ. ಗ್ರೀವೆನ್ಸ್, ಅಂದ್ರೆ ಕಾಂಟ್ರಾಕ್ಟ್ ಮೀರಿದ್ದಾರೆ ಅಂತ ಕಂಪನಿ ಮೇಲೆ ಹಾಕೋ ದೂರು, ಅದನ್ನ ನಡೆಸೋಕೆ ಬೇಕಾದ ಮಾಹಿತಿ ಕಂಪನಿ ಕೊಡಲೇಬೇಕು ಅಂತ 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಆ ತಿಂಗಳು ಆ ಬೆಲ್ಟಲ್ಲಿ ಯಾರ್ಯಾರಿಗೆ ಎಷ್ಟು ಮಿಸ್‌ಲೋಡ್ ಆಗಿದೆ, ಯಾರ್ಯಾರಿಗೆ ಲೆಟರ್ ಕೊಟ್ಟಿದ್ದೀರಿ, ಆ ದಿನ ಎಷ್ಟು ಪಾರ್ಸೆಲ್ ಬಂತು, ಎಷ್ಟು ಜನ ರಜಾ ಇದ್ರು, ಇವೆಲ್ಲಾ ಬರವಣಿಗೆಯಲ್ಲಿ ಕೇಳಬಹುದು. ಹತ್ತು ಜನರಿಗೆ ಆಗಿರೋ ತಪ್ಪಿಗೆ ಒಬ್ಬನಿಗೆ ಮಾತ್ರ ಲೆಟರ್ ಅಂದ್ರೆ, ಅದೂ ಅವನು ಹಿಂದಿನ ತಿಂಗಳು ಸೇಫ್ಟಿ ಬಗ್ಗೆ ದೂರು ಕೊಟ್ಟವನಾಗಿದ್ರೆ, ಮಾತೇ ಬೇರೆ ಆಗುತ್ತೆ.

ಲೋಡರ್ ತಾನೇ ಮಾಡಬೇಕಾದ್ದೂ ಇದೆ. ಜೇಬಲ್ಲಿ ಒಂದು ಸಣ್ಣ ಡೈರಿ ಇಟ್ಕೊಳ್ಳಿ. ಇವತ್ತು ಐದು ಗಾಡಿ ಕೊಟ್ರು, ಇಂಥ ಹೊತ್ತಿಂದ ಇಂಥ ಹೊತ್ತಿನ ತನಕ ಬೇರೆ ಬೆಲ್ಟಿಗೆ ಕಳಿಸಿದ್ರು, ಸ್ಟಿಕ್ಕರ್ ಅಳಿಸಿಹೋಗಿದ್ದನ್ನ ಇಂಥ ಸೂಪರ್‌ವೈಸರ್‌ಗೆ ತೋರಿಸಿದೆ, ಇಷ್ಟು ಸಾಕು, ಶಿಫ್ಟ್ ಮುಗಿದ ಮೇಲೆ ಬರೆಯೋಕೆ ಐದು ನಿಮಿಷ. ಆರು ವಾರ ಆದ ಮೇಲೆ ಅವತ್ತು ಏನಾಯ್ತು ಅಂತ ಕೇಳಿದ್ರೆ ಯಾರಿಗೆ ನೆನಪಿರುತ್ತೆ, ಅವರ ಹತ್ರ ಕಂಪ್ಯೂಟರ್ ಇದೆ, ನಮ್ಮ ಹತ್ರ ಇರೋದು ಆ ಡೈರಿ ಒಂದೇ. ಸಂದೇಹ ಇರೋ ಬಾಕ್ಸನ್ನ ಊಹೆ ಮೇಲೆ ಗಾಡಿಗೆ ತುರುಕ್ಬೇಡಿ, ಪಕ್ಕಕ್ಕಿಟ್ಟು ಕೇಳಿ. ಸ್ಪೀಡ್ ಕಮ್ಮಿ ಆಯ್ತು ಅಂತ ಕೂಗಾಡ್ತಾರೆ, ಕೂಗಾಡ್ಲಿ, ಒಂದೇ ಹೊತ್ತಲ್ಲಿ ಜಾಸ್ತಿ ಸ್ಪೀಡೂ ಬೇಕು, ತಪ್ಪೂ ಆಗಬಾರದು ಅಂದ್ರೆ ಯಾವುದು ಮೊದಲು ಅಂತ ಅವರ ಬಾಯಿಂದಲೇ ಹೇಳಿಸಿ, ಹೇಳಿದ್ದನ್ನ ಡೈರಿಗೆ ಬರ್ಕೊಳ್ಳಿ.

ಮತ್ತೆ ಒಂದು ಎಚ್ಚರಿಕೆ, ಇದು ಸ್ಟೀವರ್ಡ್ ಆಗಿ ನೋಡಿ ನೋಡಿ ಬೇಜಾರಾಗಿರೋ ವಿಷಯ. ಮಿಸ್‌ಲೋಡ್ ಒಂದರಿಂದಲೇ ಕೆಲಸ ಕಳ್ಕೊಂಡೋರು ಕಮ್ಮಿ, ಮಿಸ್‌ಲೋಡ್ ಬಗ್ಗೆ ಮಾತಾಡುವಾಗ ಮಾಡ್ಕೊಂಡ ಎಡವಟ್ಟಿನಿಂದ ಕಳ್ಕೊಂಡೋರೇ ಜಾಸ್ತಿ. ಕೋಪ ಬಂದು ಬೈದುಬಿಡೋದು, ಅರ್ಧ ಶಿಫ್ಟಲ್ಲಿ ಗ್ಲೌಸ್ ಬಿಸಾಕಿ ಹೊರಟುಹೋಗೋದು, ಇಲ್ಲಾ ಸುಳ್ಳು ಹೇಳೋದು. ಸುಳ್ಳು ಸಿಕ್ಕಿಹಾಕ್ಕೊಂಡ್ರೆ ಅದು ಅಪ್ರಾಮಾಣಿಕತೆ ಅನ್ನೋ ಬೇರೆ ತಪ್ಪೇ ಆಗಿಬಿಡುತ್ತೆ, ಎಷ್ಟೋ ಕಾಂಟ್ರಾಕ್ಟಲ್ಲಿ ಅದಕ್ಕೆ ಎಚ್ಚರಿಕೆ ಮೆಟ್ಟಿಲೆಲ್ಲಾ ಇಲ್ಲ, ನೇರ ಮನೆಗೆ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ನೆನಪಿಲ್ಲ ಅಂದ್ರೆ ನೆನಪಿಲ್ಲ ಅನ್ನಿ. ಮ್ಯಾನೇಜರ್ ಹೇಳಿದ ಕೆಲಸ ತಪ್ಪು ಅನ್ನಿಸಿದ್ರೂ, ಜೀವಕ್ಕೆ ಅಪಾಯ ಇಲ್ಲ ಅಂದ್ರೆ, ಮೊದಲು ಮಾಡಿ, ಆಮೇಲೆ ಗ್ರೀವೆನ್ಸ್ ಹಾಕಿ. ನಿಲ್ಲಿಸಿಬಿಟ್ರೆ ಮಿಸ್‌ಲೋಡ್ ವಿಷಯ ಪಕ್ಕಕ್ಕೆ ಹೋಗಿ ಆಜ್ಞೆ ಮೀರಿದ್ದೇ ದೊಡ್ಡದಾಗುತ್ತೆ.

ಯೂನಿಯನ್ ಬಗ್ಗೆಯೂ ಸ್ವಲ್ಪ ನಿಷ್ಠುರವಾಗಿ ಹೇಳಬೇಕು. ಸ್ಟೀವರ್ಡುಗಳೆಲ್ಲಾ ಒಂದೇ ಥರ ಇರಲ್ಲ, ಕೆಲವರಿಗೆ ಕಾಂಟ್ರಾಕ್ಟ್ ಓದೋ ಪುರುಸೊತ್ತಿಲ್ಲ, ಕೆಲವರು ಪಾರ್ಟ್‌ಟೈಮ್ ಲೋಡರ್ ಅಂದ್ರೆ ಡ್ರೈವರ್‌ಗಳಷ್ಟು ತಲೆಕೆಡಿಸ್ಕೊಳ್ಳಲ್ಲ, ಹೊಸದಾಗಿ ಬಂದ ನಮ್ಮಂಥ ಉಚ್ಚಾರದವರ ಮಾತು ಅರ್ಧ ಕೇಳಿ ಬಿಡೋರೂ ಇದ್ದಾರೆ. ಯೂನಿಯನ್ ತನ್ನವರನ್ನ ಭೇದ ಮಾಡದೆ, ಕಾಟಾಚಾರಕ್ಕಲ್ಲದೆ ಪ್ರತಿನಿಧಿಸಬೇಕು ಅನ್ನೋದು ಕಾನೂನೇ, ಅದನ್ನೂ 1967ರ ಇನ್ನೊಂದು ತೀರ್ಪು ಗಟ್ಟಿ ಮಾಡಿದೆ. ಹಾಗಂತ ಪ್ರತಿ ಗ್ರೀವೆನ್ಸನ್ನೂ ಆರ್ಬಿಟ್ರೇಷನ್ ತನಕ ಒಯ್ಯಲೇಬೇಕು ಅಂತೇನಿಲ್ಲ, ಗೆಲ್ಲೋದು ಕಷ್ಟ ಅಂತ ಪ್ರಾಮಾಣಿಕವಾಗಿ ಕಂಡ್ರೆ ಬಿಡಬಹುದು. ಸ್ಟೀವರ್ಡ್ ಫೋನೇ ಎತ್ತಲ್ಲ ಅಂದ್ರೆ ಅಲ್ಲಿಗೇ ಬಿಡ್ಬೇಡಿ, ಲೋಕಲ್ ಆಫೀಸಿಗೆ, ಅಂದ್ರೆ ಯೂನಿಯನ್ನಿನ ಸ್ಥಳೀಯ ಶಾಖೆಗೆ, ಬರವಣಿಗೆಯಲ್ಲಿ ಕೊಡಿ, ನಮ್ಮ ಕೇಸು ನೋಡ್ಕೊಳ್ಳೋ ಅಲ್ಲಿನ ಅಧಿಕಾರಿ, ಬಿಸಿನೆಸ್ ಏಜೆಂಟ್ ಯಾರು ಅಂತ ಕೇಳಿ. ಲೇಬರ್ ಬೋರ್ಡಿಗೆ ದೂರು ಕೊಡೋದಾದ್ರೆ ಆರು ತಿಂಗಳೊಳಗೆ ಕೊಡಬೇಕು.

ಈಗ ಆ ಹಿರಿಯರ ಮಗನ ವಿಷಯಕ್ಕೇ ಬರ್ತೀನಿ. ಲೆಟರ್ ಮೇಲಿನ ತಾರೀಖು ಮೊದಲು ನೋಡಲಿ, ಯಾಕಂದ್ರೆ ಗ್ರೀವೆನ್ಸ್ ಹಾಕೋಕೆ ಕಾಂಟ್ರಾಕ್ಟಲ್ಲಿ ಇಷ್ಟೇ ದಿನ ಅಂತ ಇರುತ್ತೆ, ಕೆಲವು ಕಡೆ ತೀರಾ ಕಮ್ಮಿ, ದಾಟಿದ್ರೆ ಎಂಥಾ ಒಳ್ಳೇ ಕೇಸೂ ಮುಗೀತು. ಸೈನ್ ಮಾಡು ಅಂದಿದ್ರೆ ಮಾಡಲಿ, ಆದ್ರೆ 'ಕೈಗೆ ಸೇರಿದೆ, ಒಪ್ಪಿಗೆ ಇಲ್ಲ' ಅಂತ ಪಕ್ಕದಲ್ಲೇ ಬರೆದು, ಒಂದು ಕಾಪಿ ಇಸ್ಕೊಳ್ಳಲಿ. ಎಷ್ಟು ತಿಂಗಳಾದ ಮೇಲೆ ಹಳೇ ವಾರ್ನಿಂಗ್ ಲೆಕ್ಕಕ್ಕೆ ಬರಲ್ಲ ಅನ್ನೋದು ಬಹಳಷ್ಟು ಕಾಂಟ್ರಾಕ್ಟಲ್ಲಿ ಇರುತ್ತೆ, ಅದನ್ನ ಹುಡುಕಿ ಗುರುತು ಹಾಕಿಟ್ಕೊಳ್ಳಲಿ. ಅವನು ಸೇರಿ ಎಷ್ಟು ದಿನ ಆಯ್ತು ಅಂತ ಆ ಹಿರಿಯರು ಬರೆದಿರಲಿಲ್ಲ, ಇನ್ನೂ ಪ್ರೊಬೇಷನ್‌ನಲ್ಲಿದ್ರೆ ಮಾತ್ರ ಸ್ವಲ್ಪ ಹುಷಾರು, ಆ ಅವಧಿಯಲ್ಲಿ ಕೆಲಸದಿಂದ ತೆಗೆದ್ರೆ ಗ್ರೀವೆನ್ಸ್ ಹಾಕೋಕೆ ಸಾಮಾನ್ಯವಾಗಿ ಅವಕಾಶ ಇರಲ್ಲ, ಪ್ರೊಬೇಷನ್ ಯಾವತ್ತಿಗೆ ಮುಗಿಯುತ್ತೆ ಅಂತ ಯೂನಿಯನ್ ಆಫೀಸಿಂದ ಬರವಣಿಗೆಯಲ್ಲಿ ತಿಳ್ಕೊಂಡು, ಅಲ್ಲಿ ತನಕ ಸ್ಪೀಡ್ ಬಗ್ಗೆ ಯಾರು ಏನೇ ಅಂದ್ರೂ ಪ್ರತಿ ಬಾಕ್ಸಿನ ನಂಬರ್ ಎರಡು ಸಲ ಓದಿಯೇ ಗಾಡಿ ಹತ್ತಿಸಲಿ.

ಇತಿ,
ನಿಮ್ಮ ಹಳೇ ಓದುಗ,
ನ್ಯೂಜೆರ್ಸಿ